ಕೋಳಿಗಳು ಕಲಿಸಿದ ಪಾಠ

ಮಕ್ಕಳೇ, ನಿಮ್ಮ ಮನೆಯಲ್ಲಿ ಯಾವ ಅಕ್ಕಿಯ ಅನ್ನ ಮಾಡುತ್ತಾರೆ? ಕುಚ್ಚಲಕ್ಕಿಯೋ, ಬೆಳ್ತಿಗೆ ಅಕ್ಕಿಯೋ? ಅಕ್ಕಿ ಬೆಳ್ಳಗಿದ್ದಷ್ಟೂ ಒಳ್ಳೆಯದು ಎಂದು ಹಲವರು ತಿಳಿದಿದ್ದಾರೆ. ಇದು ನಿಜವೇ? ಈ ಪ್ರಶ್ನೆಗೆ ಉತ್ತರ ಸಿಕ್ಕಿದ್ದು ಒಂದು ಕೋಳಿಗೂಡಿನಲ್ಲಿ! ಅದನ್ನು ಕಂಡುಕೊಂಡವರು ಕ್ರಿಸ್ಟಿಯಾನ್ ಐಕ್ಮನ್ ಎಂಬ ವೈದ್ಯರು. ಅವರ ಕತೆಯನ್ನು ಈಗ ತಿಳಿಯೋಣ.

ಐಕ್ಮನ್ ಅವರು 1858ನೇ ಇಸವಿ ಆಗಸ್ಟ್ 11ರಂದು ನೆದರ್ಲೆಂಡ್ಸ್ ದೇಶದ ನೈಕರ್ಕ್ ಎಂಬ ಊರಿನಲ್ಲಿ ಹುಟ್ಟಿದರು. ತಂದೆ ಶಾಲೆಯೊಂದರ ಮುಖ್ಯೋಪಾಧ್ಯಾಯರು. ತಂದೆಯ ಶಾಲೆಯಲ್ಲೇ ಅವರು ಮೊದಲ ಪಾಠಗಳನ್ನು ಕಲಿತರು. ಮುಂದೆ ಆಮ್‌ಸ್ಟರ್‌ಡ್ಯಾಮ್ ನಗರದಲ್ಲಿ ಸೈನ್ಯದ ವೈದ್ಯರಾಗಲು ಓದಿದರು. 1883ರಲ್ಲಿ ವೈದ್ಯಕೀಯ ಪದವಿ ಪಡೆದರು.

ಆ ಕಾಲದಲ್ಲಿ ಇಂದಿನ ಇಂಡೋನೇಷ್ಯಾ ದೇಶವು ಡಚ್ಚರ ಆಳ್ವಿಕೆಯಲ್ಲಿತ್ತು. ಐಕ್ಮನ್ ಅವರನ್ನು ಸರಕಾರವು ಅಲ್ಲಿಗೆ ಕಳುಹಿಸಿತು. ಆದರೆ ಅಲ್ಲಿ ಅವರಿಗೆ ಮಲೇರಿಯಾ ಜ್ವರ ಬಂತು. ದೇಹ ಬಹಳ ಸೊರಗಿತು. 1885ರಲ್ಲಿ ಅವರು ಯುರೋಪಿಗೆ ಹಿಂತಿರುಗಬೇಕಾಯಿತು. ಮರುವರ್ಷ ಅವರ ಪತ್ನಿ ತೀರಿಕೊಂಡರು. ಇಷ್ಟು ಕಷ್ಟ ಬಂದರೂ ಅವರು ಕಲಿಯುವುದನ್ನು ಬಿಡಲಿಲ್ಲ. ಬರ್ಲಿನ್ ನಗರಕ್ಕೆ ಹೋಗಿ, ಪ್ರಸಿದ್ಧ ವಿಜ್ಞಾನಿ ರಾಬರ್ಟ್ ಕಾಕ್ ಅವರ ಬಳಿ ರೋಗಾಣುಗಳ ಬಗ್ಗೆ ಅಭ್ಯಾಸ ಮಾಡಿದರು.

ಆಗ ಇಂಡೋನೇಷ್ಯಾದಲ್ಲಿ ಬೆರಿಬೆರಿ ಎಂಬ ರೋಗವು ಬಹಳ ಜನರನ್ನು ಬಲಿ ತೆಗೆದುಕೊಳ್ಳುತ್ತಿತ್ತು. ಸೈನಿಕರು, ನಾವಿಕರು, ಸೆರೆಮನೆಯ ಕೈದಿಗಳು ಇದಕ್ಕೆ ಹೆಚ್ಚಾಗಿ ತುತ್ತಾಗುತ್ತಿದ್ದರು. ರೋಗ ಬಂದವರ ಕಾಲುಗಳಲ್ಲಿ ಬಲವೇ ಇರುತ್ತಿರಲಿಲ್ಲ. ನಡೆಯಲು ಹೋದರೆ ತಡವರಿಸುತ್ತಿದ್ದರು. ಕೆಲವರು ಎಲುಬು ಕಾಣುವಷ್ಟು ಬಡವಾಗುತ್ತಿದ್ದರು. ಇನ್ನು ಕೆಲವರ ಮೈಯಲ್ಲಿ ನೀರು ತುಂಬಿ ಊದಿಕೊಳ್ಳುತ್ತಿತ್ತು. ನೋಡುವವರಿಗೆ ಅವರು ದಪ್ಪಗಾದಂತೆ ಕಾಣುತ್ತಿತ್ತು. ಆದರೆ ಅವರ ಹೃದಯ ದಿನದಿನಕ್ಕೆ ದುರ್ಬಲವಾಗುತ್ತಿತ್ತು. ಹಲವರು ಸಾಯುತ್ತಿದ್ದರು. ಇದರಲ್ಲೊಂದು ಸೋಜಿಗವಿತ್ತು. ಇವರಲ್ಲಿ ಅನೇಕರಿಗೆ ಹೊಟ್ಟೆ ತುಂಬ ಅನ್ನ ಸಿಗುತ್ತಿತ್ತು!

ಈ ರೋಗದ ಕಾರಣ ತಿಳಿಯಲು ಸರಕಾರವು 1886ರಲ್ಲಿ ತಜ್ಞರನ್ನು ಕಳುಹಿಸಿತು. ಅವರ ಜೊತೆ ಐಕ್ಮನ್ ಅವರೂ ಹೊರಟರು. ಜಾವಾ ದ್ವೀಪದ ಬಟಾವಿಯಾ ನಗರದ ಸೈನಿಕ ಆಸ್ಪತ್ರೆಯಲ್ಲಿ ಅವರ ಕೆಲಸ ಆರಂಭವಾಯಿತು. ಆ ನಗರವನ್ನು ನಾವು ಈಗ ಜಕಾರ್ತಾ ಎಂದು ಕರೆಯುತ್ತೇವೆ. ಉಳಿದ ತಜ್ಞರು ತಮ್ಮ ದೇಶಕ್ಕೆ ಮರಳಿದರು. ಐಕ್ಮನ್ ಅಲ್ಲೇ ಉಳಿದರು. 1888ರಲ್ಲಿ ಅಲ್ಲಿನ ಪ್ರಯೋಗಶಾಲೆಗೆ ಅವರು ನಿರ್ದೇಶಕರಾದರು.

ಬೆರಿಬೆರಿಗೆ ಯಾವುದೋ ರೋಗಾಣುವೇ ಕಾರಣ ಎಂದು ಆಗ ಹಲವರು ನಂಬಿದ್ದರು. ಐಕ್ಮನ್ ಅವರೂ ಹಾಗೆಯೇ ನಂಬಿದ್ದರು. ಆ ರೋಗಾಣುವನ್ನು ಹುಡುಕಲು ಅವರು ಕೋಳಿಗಳನ್ನು ಸಾಕಿ ಪ್ರಯೋಗ ಮಾಡುತ್ತಿದ್ದರು. 1889ರಲ್ಲಿ ಆ ಕೋಳಿಗಳಿಗೆ ವಿಚಿತ್ರವಾದ ಕಾಯಿಲೆ ಬಂತು. ಅವು ಓಲಾಡುತ್ತಾ ನಡೆದವು. ಕಾಲು ಸೋತು ಬಿದ್ದವು. ಬೆರಿಬೆರಿ ಬಂದ ಮನುಷ್ಯರ ಹಾಗೆಯೇ ಒದ್ದಾಡಿದವು. ರೋಗಾಣುವನ್ನು ಚುಚ್ಚಿದ ಕೋಳಿಗಳಿಗೆ ಮಾತ್ರವಲ್ಲ, ಏನನ್ನೂ ಚುಚ್ಚದ ಕೋಳಿಗಳಿಗೂ ಕಾಯಿಲೆ ಬಂತು. ಬೇರೆ ಬೇರೆ ಇಟ್ಟರೂ ಬಂತು.

ಕೆಲವು ತಿಂಗಳು ಕಳೆದವು. ಒಮ್ಮೆಲೇ ಕಾಯಿಲೆ ನಿಂತುಹೋಯಿತು! ಬಿದ್ದಿದ್ದ ಕೋಳಿಗಳೂ ಎದ್ದು ಓಡಾಡತೊಡಗಿದವು. ಯಾರೂ ಅವುಗಳಿಗೆ ಮದ್ದು ಕೊಟ್ಟಿರಲಿಲ್ಲ. ಬೇರೆ ಯಾರಾದರೂ ಆಗಿದ್ದರೆ ಕಾಯಿಲೆ ಹೋಯಿತಲ್ಲ ಎಂದು ಸುಮ್ಮನಾಗುತ್ತಿದ್ದರೇನೋ. ಐಕ್ಮನ್ ಸುಮ್ಮನಾಗಲಿಲ್ಲ. ಏನು ಬದಲಾಯಿತು ಎಂದು ಒಂದೊಂದಾಗಿ ವಿಚಾರಿಸಿದರು. ಕೊನೆಗೆ ಕೋಳಿಗಳ ಆಹಾರದ ವಿಷಯ ತಿಳಿಯಿತು.

ನಡೆದದ್ದು ಇಷ್ಟೇ. ಕೋಳಿಗಳನ್ನು ನೋಡಿಕೊಳ್ಳುತ್ತಿದ್ದವನು ಖರ್ಚು ಉಳಿಸಲು ಆಸ್ಪತ್ರೆಯ ಅಡುಗೆಮನೆಯಲ್ಲಿ ಮಿಕ್ಕಿದ ಅನ್ನವನ್ನು ತಂದು ಹಾಕುತ್ತಿದ್ದನು. ಅದು ಸೈನಿಕರಿಗಾಗಿ ಮಾಡಿದ ಬಿಳಿ ಅಕ್ಕಿಯ ಅನ್ನ. ಅಷ್ಟರಲ್ಲಿ ಅಡುಗೆಮನೆಗೆ ಹೊಸ ಅಡುಗೆಯವನು ಬಂದನು. ಸೈನಿಕರ ಅನ್ನವನ್ನು ಕೋಳಿಗಳಿಗೆ ಕೊಡಲು ಅವನು ಒಪ್ಪಲಿಲ್ಲ. ಆದ್ದರಿಂದ ಕೋಳಿಗಳಿಗೆ ಮತ್ತೆ ಹಳೆಯ ಆಹಾರವೇ ಸಿಕ್ಕಿತು. ಅದು ತೌಡು ತೆಗೆಯದ ಅಗ್ಗದ ಅಕ್ಕಿ. ಅದನ್ನು ತಿಂದ ಕೋಳಿಗಳು ಚೇತರಿಸಿಕೊಂಡವು.

ನೀವು ಭತ್ತವನ್ನು ನೋಡಿದ್ದೀರಲ್ಲವೇ? ಅದರ ಹೊರಗಡೆ ಉಮಿ ಇರುತ್ತದೆ. ಉಮಿಯ ಒಳಗೆ, ಅಕ್ಕಿಗೆ ಅಂಟಿಕೊಂಡು ತೆಳುವಾದ ಪದರವಿರುತ್ತದೆ. ಅದೇ ತೌಡು. ಮಿಲ್ಲಿನಲ್ಲಿ ಅಕ್ಕಿಗೆ ಹೊಳಪು ಕೊಡುವಾಗ ಈ ತೌಡು ಹೊರಟುಹೋಗುತ್ತದೆ.

ಐಕ್ಮನ್ ಮತ್ತೆ ಮತ್ತೆ ಪ್ರಯೋಗ ಮಾಡಿದರು. ಕೆಲವು ಕೋಳಿಗಳಿಗೆ ಬಿಳಿ ಅಕ್ಕಿಯನ್ನು ಮಾತ್ರ ಕೊಟ್ಟರು. ಕೆಲವು ವಾರಗಳಲ್ಲಿ ಅವುಗಳಿಗೆ ಕಾಯಿಲೆ ಬಂತು. ಅವುಗಳ ಆಹಾರಕ್ಕೆ ತೌಡು ಬೆರೆಸಿದರು. ಕಾಯಿಲೆ ವಾಸಿಯಾಯಿತು.

ಕೋಳಿಗಳಿಗೆ ನಿಜವಾದದ್ದು ಮನುಷ್ಯರಿಗೂ ನಿಜವೇ? ಅದನ್ನು ತಿಳಿಯಲು ಫೋರ್ಡರ್ಮನ್ ಎಂಬ ಇನ್ನೊಬ್ಬ ವೈದ್ಯರು ನೆರವಾದರು. ಅವರು ಜಾವಾದ 101 ಸೆರೆಮನೆಗಳ ಲೆಕ್ಕ ತೆಗೆದರು. ಅಲ್ಲಿ ಸುಮಾರು 2,80,000 ಕೈದಿಗಳಿದ್ದರು. ಬಿಳಿ ಅಕ್ಕಿ ಕೊಡುತ್ತಿದ್ದ ಸೆರೆಮನೆಗಳಲ್ಲಿ ಸುಮಾರು 40 ಮಂದಿಗೆ ಒಬ್ಬರಂತೆ ಬೆರಿಬೆರಿ ಇತ್ತು. ತೌಡು ಇರುವ ಅಕ್ಕಿ ಕೊಡುತ್ತಿದ್ದಲ್ಲಿ ಸುಮಾರು 10,000 ಮಂದಿಗೆ ಒಬ್ಬರು ಮಾತ್ರ. ನೋಡಿದಿರಾ, ಎಷ್ಟು ದೊಡ್ಡ ವ್ಯತ್ಯಾಸ!

ಆದರೂ ಐಕ್ಮನ್ ಅವರ ಊಹೆ ಪೂರ್ತಿ ಸರಿಯಾಗಿರಲಿಲ್ಲ. ಬಿಳಿ ಅಕ್ಕಿಯಲ್ಲಿ ಒಂದು ವಿಷವಿದೆ, ತೌಡು ಆ ವಿಷವನ್ನು ಕಳೆಯುತ್ತದೆ ಎಂದು ಅವರು ತಿಳಿದಿದ್ದರು. ಅವರ ಆರೋಗ್ಯ ಮತ್ತೆ ಕೆಟ್ಟಿತು. 1896ರಲ್ಲಿ ಅವರು ಊರಿಗೆ ಮರಳಿದರು. ಅವರ ಕೆಲಸವನ್ನು ಗ್ರಿಯನ್ಸ್ ಎಂಬವರು ಮುಂದುವರಿಸಿದರು. ಬಿಳಿ ಅಕ್ಕಿಯಲ್ಲಿ ವಿಷವಿಲ್ಲ, ದೇಹಕ್ಕೆ ಬೇಕಾದ ಏನೋ ಒಂದು ಅದರಲ್ಲಿ ಇಲ್ಲ ಎಂದು ಅವರು 1901ರಲ್ಲಿ ತೋರಿಸಿದರು. ಮುಂದೆ ಐಕ್ಮನ್ ಅವರೂ ಇದನ್ನು ಒಪ್ಪಿದರು. 1912ರಲ್ಲಿ ಕ್ಯಾಸಿಮಿರ್ ಫಂಕ್ ಎಂಬ ವಿಜ್ಞಾನಿ ಇಂತಹ ವಸ್ತುಗಳಿಗೆ ವಿಟಮಿನ್ ಎಂಬ ಹೆಸರು ಕೊಟ್ಟರು. 1926ರಲ್ಲಿ ಬಟಾವಿಯಾದಲ್ಲಿಯೇ ಇಬ್ಬರು ವಿಜ್ಞಾನಿಗಳು ತೌಡಿನಿಂದ ಆ ವಸ್ತುವನ್ನು ಬೇರ್ಪಡಿಸಿದರು. ಅದೇ ಬಿ1 ವಿಟಮಿನ್.

ಒಲೆಯಲ್ಲಿ ಎಷ್ಟೇ ಕಟ್ಟಿಗೆ ಇಟ್ಟರೂ ಬೆಂಕಿಕಡ್ಡಿ ಇಲ್ಲದಿದ್ದರೆ ಅದು ಉರಿಯುವುದಿಲ್ಲ. ಅನ್ನ ಕಟ್ಟಿಗೆಯ ಹಾಗೆ, ಬಿ1 ವಿಟಮಿನ್ ಬೆಂಕಿಕಡ್ಡಿಯ ಹಾಗೆ. ಅದು ಸ್ವಲ್ಪವೇ ಸಾಕು, ಆದರೆ ಇಲ್ಲದಿದ್ದರೆ ಆಗದು.

ಐಕ್ಮನ್ ಅವರು 1898ರಿಂದ ಉಟ್ರೆಕ್ಟ್ ವಿಶ್ವವಿದ್ಯಾನಿಲಯದಲ್ಲಿ ಪ್ರಾಧ್ಯಾಪಕರಾಗಿದ್ದರು. 1929ರಲ್ಲಿ ಅವರಿಗೂ ಇಂಗ್ಲೆಂಡಿನ ಹಾಪ್ಕಿನ್ಸ್ ಅವರಿಗೂ ನೊಬೆಲ್ ಪ್ರಶಸ್ತಿ ಹಂಚಿಕೆಯಾಗಿ ದೊರೆಯಿತು. 1930ರ ನವೆಂಬರ್ 5ರಂದು ಅವರು ತೀರಿಕೊಂಡರು.

ಮಕ್ಕಳೇ, ನಮ್ಮ ಹಿರಿಯರು ಭತ್ತವನ್ನು ಬೇಯಿಸಿ, ಒಣಗಿಸಿ, ಕುಟ್ಟಿ ಕುಚ್ಚಲಕ್ಕಿ ಮಾಡುತ್ತಿದ್ದರು. ಹೀಗೆ ಬೇಯಿಸುವಾಗ ತೌಡಿನಲ್ಲಿರುವ ಸತ್ವ ಅಕ್ಕಿಯ ಒಳಕ್ಕೆ ಇಳಿಯುತ್ತದೆ. ಆದ್ದರಿಂದ ಮಿಲ್ಲಿಗೆ ಹಾಕಿದರೂ ಅದು ಪೂರ್ತಿ ಹೋಗುವುದಿಲ್ಲ. ಕುಚ್ಚಲಕ್ಕಿ ಉಣ್ಣುವ ಜನರಲ್ಲಿ ಬೆರಿಬೆರಿ ಅಪರೂಪವಾಗಿದ್ದುದು ಇದೇ ಕಾರಣದಿಂದ. ಅಕ್ಕಿಯನ್ನು ಹಲವು ಸಲ ತೊಳೆದರೆ ಅಥವಾ ಗಂಜಿನೀರನ್ನು ಚೆಲ್ಲಿದರೆ ಸತ್ವ ನೀರಿನೊಡನೆ ಹೋಗುತ್ತದೆ.

ಶಾಲೆಯಲ್ಲಿ ನಿಮ್ಮ ತೂಕ ನೋಡುತ್ತಾರೆ. ತೂಕ ತೀರ ಕಡಿಮೆಯಾಗಬಾರದು, ತೀರ ಹೆಚ್ಚಾಗಲೂ ಬಾರದು. ಬರಿಯ ಅನ್ನ, ಸಿಹಿ ತಿಂಡಿ, ಕರಿದ ತಿಂಡಿಗಳಿಂದ ಹೊಟ್ಟೆ ತುಂಬಬಹುದು, ತೂಕವೂ ಏರಬಹುದು. ಆದರೆ ದೇಹಕ್ಕೆ ಬೇಕಾದದ್ದೆಲ್ಲ ಸಿಗುವುದಿಲ್ಲ. ಅನ್ನದ ಜೊತೆ ಹೆಸರು, ಕಡಲೆ, ಹುರುಳಿ ಬೇಕು. ಹರಿವೆ, ಬಸಳೆ, ನುಗ್ಗೆಸೊಪ್ಪು ಬೇಕು. ಹಣ್ಣುಗಳೂ ಬೇಕು. ದಿನವೂ ಓಡಿ ಆಡಬೇಕು.

ಇಂದು ಊಟಕ್ಕೆ ಕುಳಿತಾಗ ನಿಮ್ಮ ಬಟ್ಟಲನ್ನು ಐಕ್ಮನ್ ಅವರ ಹಾಗೆ ಗಮನವಿಟ್ಟು ನೋಡಿ. ಅದರಲ್ಲಿ ಏನೇನು ಇದೆ? ಏನು ಇಲ್ಲ? ಇಲ್ಲದಿರುವುದನ್ನು ನಿಮ್ಮ ಅಮ್ಮನಿಗೆ ತಿಳಿಸಿ.