ಇಟಗಿಯ ಮಹಾದೇವ ದಂಡನಾಯಕ: ಕಲ್ಲಿನಲ್ಲಿ ಉಳಿದ ಹೆಸರು

ಕೊಪ್ಪಳ: ಕನ್ನಡ ನಾಡಿನ ಶಿಲ್ಪವೈಭವದ ಮಾತು ಬಂದಾಗ ಬೇಲೂರು, ಹಳೇಬೀಡು, ಪಟ್ಟದಕಲ್ಲುಗಳ ಹೆಸರು ಮೊದಲು ಕೇಳಿಬರುತ್ತದೆ. ಅವುಗಳ ಸಾಲಿನಲ್ಲಿ ನಿಲ್ಲಬಲ್ಲ ದೇಗುಲವೊಂದು ಕೊಪ್ಪಳ ಜಿಲ್ಲೆಯ ಇಟಗಿಯಲ್ಲಿದೆ. ಅದನ್ನು ಕಟ್ಟಿಸಿದವನು ಅರಸನಲ್ಲ. ಅರಸನ ಸೇವೆಯಲ್ಲಿದ್ದ ದಂಡನಾಯಕ ಮಹಾದೇವ.

ಮಹಾದೇವನ ಒಡೆಯ ಕಲ್ಯಾಣ ಚಾಲುಕ್ಯರ ಆರನೆಯ ವಿಕ್ರಮಾದಿತ್ಯ. 1076ರಲ್ಲಿ ಪಟ್ಟವೇರಿ, ತನ್ನ ಹೆಸರಿನಲ್ಲೇ ಶಕೆಯೊಂದನ್ನು ಆರಂಭಿಸಿದ ಈ ಚಕ್ರವರ್ತಿ ಅರ್ಧ ಶತಮಾನ ಆಳಿದ. ಕಾಶ್ಮೀರದಿಂದ ಬಂದ ಬಿಲ್ಹಣ ಅವನ ಚರಿತೆಯನ್ನು ಸಂಸ್ಕೃತ ಕಾವ್ಯವಾಗಿಸಿದ. ಮಿತಾಕ್ಷರದ ಕರ್ತೃ ವಿಜ್ಞಾನೇಶ್ವರನೂ ಅವನ ಆಶ್ರಯದಲ್ಲಿದ್ದ. ಇಂಥ ಅರಸನ ನೆರಳಿನಲ್ಲಿ ಸೇನಾನಿಗಳ ಹೆಸರು ಅಳಿಸಿಹೋಗುವುದು ಸಹಜ. ಮಹಾದೇವನ ಹೆಸರು ಮಾತ್ರ ಉಳಿಯಿತು. ಅದನ್ನು ಉಳಿಸಿದ್ದು ಇಟಗಿಯ ಶಿಲಾಶಾಸನ.

ಚಾಲುಕ್ಯ ವಿಕ್ರಮ ವರ್ಷ 37ರ, ಅಂದರೆ ಕ್ರಿ.ಶ. 1112ರ ಈ ಶಾಸನ ಗುಡಿಯನ್ನು ದೇವಾಲಯ ಚಕ್ರವರ್ತಿ ಎಂದು ಕೊಂಡಾಡುತ್ತದೆ. ಚಕ್ರವರ್ತಿ ಸಿಂಹಾಸನದಲ್ಲಿದ್ದಾಗಲೇ ಅವನ ಅಧಿಕಾರಿಯೊಬ್ಬ ಕಟ್ಟಿಸಿದ ಗುಡಿಗೆ ಅದೇ ಬಿರುದು ಸಂದಿತು. ಮಹಾದೇವನ ಆತ್ಮವಿಶ್ವಾಸಕ್ಕೂ ಶಿಲ್ಪಿಗಳ ಹಿರಿಮೆಗೂ ಇದಕ್ಕಿಂತ ದೊಡ್ಡ ಸಾಕ್ಷಿ ಬೇಕಿಲ್ಲ.

ಕಟ್ಟಡಕ್ಕೆ ಆರಿಸಿಕೊಂಡದ್ದು ಬಳಪದ ಕಲ್ಲು. ಮೃದುವಾದ ಈ ಕಲ್ಲಿನಲ್ಲಿ ಉಳಿ ಸರಾಗವಾಗಿ ಓಡುತ್ತದೆ. ಹಿಂದಿನ ಬಾದಾಮಿ ಚಾಲುಕ್ಯರ ಮರಳುಗಲ್ಲಿನಲ್ಲಿ ಅಷ್ಟು ನವಿರಾದ ಕೆತ್ತನೆ ಸುಲಭವಿರಲಿಲ್ಲ. ಇಟಗಿಯ ಕಂಬಗಳು ತಿರುಗಣೆಯಲ್ಲಿ ಕಡೆದಂತೆ ನುಣುಪಾಗಿವೆ. ಗೋಡೆಗಳ ಮೇಲೆ ಪುಟ್ಟ ಶಿಖರಗಳ ಸಾಲುಗಳಿವೆ. ಒಳಗಿನ ತೋರಣದ ನಡುವೆ ತಾಂಡವದ ಶಿವ, ಇಕ್ಕೆಲಗಳಲ್ಲಿ ಬ್ರಹ್ಮ ಹಾಗೂ ವಿಷ್ಣು. ಸುತ್ತಲೂ ಮಕರಗಳು, ಬಳ್ಳಿಗಳು. ಗರ್ಭಗುಡಿ, ಮುಚ್ಚಿದ ಮಂಟಪಗಳನ್ನು ದಾಟಿ ಪೂರ್ವಕ್ಕೆ ಬಂದರೆ ಕಂಬಗಳ ವಿಶಾಲ ತೆರೆದ ಮಂಟಪ ಎದುರಾಗುತ್ತದೆ.

ಶಿವನ ಮುಖ್ಯ ಗುಡಿಯ ಸುತ್ತ ಹದಿಮೂರು ಕಿರುಗುಡಿಗಳಿದ್ದವು. ಇನ್ನೆರಡು ಗುಡಿಗಳನ್ನು ಮಹಾದೇವ ತನ್ನ ತಂದೆ ತಾಯಿಯ ನೆನಪಿಗೆ ಮೀಸಲಿಟ್ಟ. ಮೂರ್ತಿನಾರಾಯಣ ಮತ್ತು ಚಂದ್ರಲೇಶ್ವರಿ ಎಂಬ ಹೆಸರುಗಳು ಆ ಮೂಲಕ ಇತಿಹಾಸಕ್ಕೆ ಸೇರಿದವು. ರಣರಂಗದಲ್ಲಿ ಬಾಳಿದವನು ಹೆತ್ತವರಿಗೆ ಸಲ್ಲಿಸಿದ ಈ ಋಣ ಅವನ ಬದುಕಿನ ಅತ್ಯಂತ ಆಪ್ತ ಸಂಗತಿ.

1126ರಲ್ಲಿ ವಿಕ್ರಮಾದಿತ್ಯನ ಆಳ್ವಿಕೆ ಮುಗಿಯಿತು. ಅದೇ ಶತಮಾನದ ಕೊನೆಯೊಳಗೆ ಕಲ್ಯಾಣದ ಸಾಮ್ರಾಜ್ಯವೂ ಕುಸಿಯಿತು. ಮುಂದೆ ಈ ಪ್ರದೇಶ ಹಲವು ಆಳ್ವಿಕೆಗಳನ್ನು ಕಂಡು, 1948ರವರೆಗೆ ಹೈದರಾಬಾದ್ ನಿಜಾಮರ ಸಂಸ್ಥಾನದಲ್ಲಿತ್ತು. ಕನ್ನಡ ಪ್ರದೇಶದ ದೇಗುಲಗಳನ್ನು ಅಭ್ಯಸಿಸಿದ ಪುರಾತತ್ವಜ್ಞ ಹೆನ್ರಿ ಕಸಿನ್ಸ್, ಹಳೇಬೀಡಿನ ನಂತರದ ಸ್ಥಾನವನ್ನು ಇಟಗಿಗೇ ನೀಡಿದ. ಎಂಟು ಶತಮಾನಗಳ ಹಿಂದಿನ ಶಾಸನಕವಿಯ ಹೊಗಳಿಕೆ ಉತ್ಪ್ರೇಕ್ಷೆಯಲ್ಲವೆಂಬುದಕ್ಕೆ ಇದು ಪುಷ್ಟಿ ನೀಡಿತು.

ಕೊಪ್ಪಳದ ಗವಿಮಠ ಹಾಗೂ ಪಾಲ್ಕಿಗುಂಡುಗಳಲ್ಲಿ ಅಶೋಕನ ಶಾಸನಗಳಿವೆ. ಚಕ್ರವರ್ತಿಯ ಮಾತಿಗೆ ಬಂಡೆ ಸಿಕ್ಕ ಈ ನೆಲದಲ್ಲಿ ಒಬ್ಬ ದಂಡನಾಯಕನಿಗೂ ಆ ಭಾಗ್ಯ ದೊರೆತದ್ದು ವಿಶೇಷ. ಅವನು ಹೊತ್ತ ಆಯುಧಗಳು ಇಂದಿಲ್ಲ. ನಂಬಿದ ಸಾಮ್ರಾಜ್ಯವೂ ಇಲ್ಲ. ಅವನ ಗುರುತೆಲ್ಲವೂ ಈ ಗುಡಿ ಮತ್ತು ಈ ಅಕ್ಷರಗಳಲ್ಲಿದೆ. ಅವು ಸವೆದರೆ ಮಹಾದೇವನೂ ಮರೆಯಾದಂತೆ.

ಬಹುಕಾಲ ಯಲಬುರ್ಗಾ ತಾಲ್ಲೂಕಿನಲ್ಲಿದ್ದ ಇಟಗಿ ಈಗ ಕುಕನೂರು ತಾಲ್ಲೂಕಿಗೆ ಸೇರಿದೆ. ದೇಗುಲ ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆಯ ರಕ್ಷಣೆಯಲ್ಲಿದ್ದು, ಕುಕನೂರಿನಿಂದ ಸುಮಾರು 7 ಕಿ.ಮೀ. ದೂರದಲ್ಲಿದೆ.