ಪಾನವ್ಯಸನಿಗಳ ಬಂಧು ಡಾ॥ ರಾಬರ್ಟ್ ಸ್ಮಿತ್

ಮದ್ಯಪಾನವು ಮನೆತನವನ್ನು ಕೆಡಿಸುವ ವ್ಯಸನವೆಂಬುದನ್ನು ಶರಣಮಾರ್ಗದಲ್ಲಿ ನಡೆಯುವ ಗೃಹಸ್ಥರಿಗೆ ಹೊಸದಾಗಿ ಹೇಳಬೇಕಾಗಿಲ್ಲ. ಕುಡಿಯಬಾರದೆಂಬ ವಿಧಿಯು ಎಲ್ಲರಿಗೂ ತಿಳಿದಿದೆ. ಕುಡಿತಕ್ಕೆ ಸಿಕ್ಕಿದವನನ್ನು ಹೇಗೆ ನಡೆಸಿಕೊಳ್ಳಬೇಕೆಂಬುದು ಮಾತ್ರ ಬಹುಮಂದಿಗೆ ತಿಳಿಯದು. ಅವನನ್ನು ಪಂಕ್ತಿಯಿಂದ ದೂರ ಕೂರಿಸುತ್ತೇವೆ. ಅವನ ಮನೆಯೊಡನೆ ಸಂಬಂಧ ಬೆಳೆಸಲು ಹಿಂಜರಿಯುತ್ತೇವೆ. ಅವನ ಹೆಂಡತಿಮಕ್ಕಳನ್ನು ಕಂಡರೆ ಮರುಕಪಟ್ಟು ಮುಂದೆ ನಡೆಯುತ್ತೇವೆ. ಕಲ್ಯಾಣದ ಶರಣರ ರೀತಿ ಹೀಗಿರಲಿಲ್ಲ. ಹೆಂಡ ಮಾರುವುದೇ ವೃತ್ತಿಯಾಗಿದ್ದ ಮಾರಯ್ಯನಿಗೂ ಶರಣಗಣದಲ್ಲಿ ಸ್ಥಾನ ದೊರೆಯಿತು. ಆತನು ವಚನಕಾರನಾಗಿ ಇಂದಿಗೂ ನಮ್ಮ ನೆನಪಿನಲ್ಲಿ ಉಳಿದಿದ್ದಾನೆ. ಮೊದಲು ಸಂಗಕ್ಕೆ ಕರೆದುಕೊಳ್ಳುವುದು, ಆ ಸಂಗದ ಬಲದಿಂದ ನಡೆಯನ್ನು ತಿದ್ದುವುದು, ಇದು ಶರಣರು ತೋರಿದ ಕ್ರಮ. ವಚನಗಳ ಹೆಸರನ್ನು ಕೂಡ ಕೇಳದ ದೂರದೇಶದ ದಂಪತಿಗಳಿಬ್ಬರು ಈ ಕ್ರಮವನ್ನೇ ತಮ್ಮ ಮನೆಯೊಳಗೆ ಆಚರಿಸಿದರು. ಆ ಮನೆಯ ಯಜಮಾನರು ಸ್ವತಃ ಕುಡುಕರಾಗಿದ್ದ ವೈದ್ಯರು. ಅವರ ಚರಿತ್ರೆಯು ನಮ್ಮ ಗೃಹಸ್ಥರು ತಿಳಿಯತಕ್ಕದ್ದಾಗಿದೆ.

ರಾಬರ್ಟ್ ಹಾಲ್‌ಬ್ರೂಕ್ ಸ್ಮಿತ್ತರು 1879ನೆಯ ಇಸವಿ ಆಗಸ್ಟ್ 8ರಂದು ಅಮೆರಿಕಾ ಸಂಯುಕ್ತ ಸಂಸ್ಥಾನದ ವರ್ಮಾಂಟ್ ಪ್ರಾಂತದ ಸೇಂಟ್ ಜಾನ್ಸ್‌ಬರಿ ಎಂಬ ಊರಿನಲ್ಲಿ ಜನಿಸಿದರು. ತಂದೆ ನ್ಯಾಯಾಧೀಶರು, ತಂದೆತಾಯಿಗಳಿಬ್ಬರೂ ದೈವಭಕ್ತರು. ಹುಡುಗನನ್ನು ವಾರದಲ್ಲಿ ಹಲವು ಸಲ ಪ್ರಾರ್ಥನಾಮಂದಿರಕ್ಕೆ ಕಡ್ಡಾಯವಾಗಿ ಕಳುಹಿಸುತ್ತಿದ್ದರು. ಇದರಿಂದ ಭಕ್ತಿ ಬೆಳೆಯಲಿಲ್ಲ. ದೊಡ್ಡವನಾದ ಮೇಲೆ ಆ ಬಾಗಿಲನ್ನು ತುಳಿಯಲಾರೆನೆಂಬ ಹಟ ಬೆಳೆಯಿತು. ಆ ಹಟವನ್ನು ಅವರು ಸುಮಾರು 40 ವರ್ಷ ಸಾಧಿಸಿದರು. ಆಚಾರವನ್ನು ಮಕ್ಕಳ ಮೇಲೆ ಹೇರುವ ತಂದೆತಾಯಿಗಳು ನಮ್ಮಲ್ಲಿಯೂ ಇಲ್ಲದಿಲ್ಲ.

ಡಾರ್ಟ್‌ಮತ್ ಕಾಲೇಜಿನಲ್ಲಿ ಓದುವಾಗಲೇ ಕುಡಿತವು ಅಭ್ಯಾಸವಾಯಿತು. 1902ರಲ್ಲಿ ಪದವಿ ಪಡೆದು, ಮೂರು ವರ್ಷ ವ್ಯಾಪಾರದ ಕೆಲಸದಲ್ಲಿ ಅಲೆದು, ಅನಂತರ ವೈದ್ಯವಿದ್ಯೆಯನ್ನು ಹಿಡಿದರು. ಕುಡಿತದ ದೆಸೆಯಿಂದ ಮಿಚಿಗನ್ ವಿಶ್ವವಿದ್ಯಾಲಯವನ್ನು ಬಿಡಬೇಕಾಯಿತು. ಚಿಕಾಗೋ ನಗರದ ರಷ್ ವೈದ್ಯಕೀಯ ಕಾಲೇಜಿನಿಂದ 1910ರಲ್ಲಿ ವೈದ್ಯಪದವಿ ದೊರೆಯಿತು. ಓಹಾಯೋ ಪ್ರಾಂತದ ಆ್ಯಕ್ರನ್ ಎಂಬ ಊರು ಆಗ ರಬ್ಬರಿನ ಕಾರ್ಖಾನೆಗಳಿಂದ ಬೆಳೆಯುತ್ತಿದ್ದ ಪಟ್ಟಣ. ಅಲ್ಲಿಯ ಆಸ್ಪತ್ರೆಯಲ್ಲಿ ಎರಡು ವರ್ಷ ಅನುಭವ ಪಡೆದು, ಅಲ್ಲಿಯೇ ವೃತ್ತಿಯನ್ನು ಆರಂಭಿಸಿದರು. ಮುಂದೆ ಗುದರೋಗಗಳ ಶಸ್ತ್ರವೈದ್ಯರೆಂದು ಹೆಸರಾದರು. 1915ರಲ್ಲಿ ಆನ್ ರಿಪ್ಲೆ ಎಂಬ ಸಾಧ್ವಿಯನ್ನು ವಿವಾಹವಾದರು. ಅವರಿಬ್ಬರ ಪರಿಚಯವಾಗಿ ಅಷ್ಟರಲ್ಲಿ 17 ವರ್ಷಗಳಾಗಿದ್ದುವು. ಆ್ಯಕ್ರನ್ನಿನ ಆರ್ಡ್‌ಮೋರ್ ಬೀದಿಯ 855ನೆಯ ಸಂಖ್ಯೆಯ ಮನೆಯು ಅವರ ಸಂಸಾರದ ನೆಲೆಯಾಯಿತು. ಒಬ್ಬ ಮಗ ಹುಟ್ಟಿದನು; ಒಬ್ಬ ಮಗಳನ್ನು ದತ್ತು ತೆಗೆದುಕೊಂಡರು.

ಹೊರಗಿನಿಂದ ನೋಡಿದವರಿಗೆ ಇದು ಒಳ್ಳೆಯ ಸಂಸಾರ. ಒಳಗೆ ನಡೆಯುತ್ತಿದ್ದುದೇ ಬೇರೆ. ವೈದ್ಯರನ್ನು ಎರಡು ಭಯಗಳು ಬಾಧಿಸುತ್ತಿದ್ದುವು: ನಿದ್ರೆ ಬಾರದೆಂಬುದು ಒಂದು, ಮದ್ಯ ತೀರಿಹೋದೀತೆಂಬುದು ಮತ್ತೊಂದು. ಹಣವಿಲ್ಲದೆ ಮದ್ಯವಿಲ್ಲ, ಎಚ್ಚರವಿಲ್ಲದೆ ಕೆಲಸವಿಲ್ಲ, ಕೆಲಸವಿಲ್ಲದೆ ಹಣವಿಲ್ಲ. ಆದುದರಿಂದ ಹಗಲಿನಲ್ಲಿ ಕೈನಡುಕವನ್ನು ಅಡಗಿಸಲು ನಿದ್ರಾಜನಕ ಔಷಧಿ, ಸಂಜೆ ಮನೆಗೆ ಬಂದ ಮೇಲೆ ಮದ್ಯ, ಹೀಗೆ ಸುಮಾರು 17 ವರ್ಷಗಳ ಕಾಲ ಜೀವನವು ಸಾಗಿತು. ಬಾಟಲಿಗಳನ್ನು ಕಲ್ಲಿದ್ದಲ ಗೂಡಿನಲ್ಲಿ, ನೆಲಮಾಳಿಗೆಯ ತೊಲೆಗಳ ಮೇಲೆ, ಬಾಗಿಲ ಚೌಕಟ್ಟಿನ ಮೇಲೆ ಅಡಗಿಸಿಡುತ್ತಿದ್ದರು. 1920ರಲ್ಲಿ ದೇಶದಲ್ಲೆಲ್ಲ ಪಾನನಿರೋಧದ ಶಾಸನವು ಜಾರಿಗೆ ಬಂದಾಗ ತಾನಿನ್ನು ಬದುಕಿದೆನೆಂದು ಅವರು ಭಾವಿಸಿದ್ದರು. ಆದರೆ ವೈದ್ಯರಿಗೆ ಔಷಧದ ಹೆಸರಿನಲ್ಲಿ ಮದ್ಯ ದೊರೆಯುತ್ತಿತ್ತು. ಕಳ್ಳ ಮಾರಾಟಗಾರರಂತೂ ಬಾಗಿಲಿಗೇ ತಂದು ಕೊಡುತ್ತಿದ್ದರು. 1933ರಲ್ಲಿ ಆ ಶಾಸನವೇ ರದ್ದಾಯಿತು. ಹತ್ತಾರು ಸಲ ಚಿಕಿತ್ಸಾಲಯಗಳಿಗೆ ಸೇರಿದರು, ಹೊರಬಂದರು, ಮತ್ತೆ ಕುಡಿದರು. ಅವರಿಗೆ ಇಚ್ಛೆಯಿರಲಿಲ್ಲವೆಂದು ಹೇಳುವಂತಿಲ್ಲ. ವಿದ್ಯೆಯಿತ್ತು, ದೇಹದಲ್ಲಿ ಮದ್ಯವು ಮಾಡುವ ಹಾನಿಯನ್ನು ಅವರಷ್ಟು ಬಲ್ಲವರು ಊರಿನಲ್ಲಿ ವಿರಳ. ಅರಿವು ಒಂದು ಕಡೆ, ಆಚಾರ ಒಂದು ಕಡೆ ಉಳಿದುಹೋದ ಜೀವನವದು.

1933ರ ಹೊತ್ತಿಗೆ ಆ್ಯಕ್ರನ್ನಿನಲ್ಲಿ ಆಕ್ಸ್‌ಫರ್ಡ್ ಗ್ರೂಪ್ ಎಂಬ ಕ್ರೈಸ್ತ ಸತ್ಸಂಗವು ಆರಂಭವಾಗಿತ್ತು. ತಮ್ಮ ದೋಷಗಳನ್ನು ಸಂಗಡಿಗರ ಮುಂದೆ ಹೇಳಿಕೊಳ್ಳುವುದು, ಕೆಡುಕು ಮಾಡಿದವರ ಬಳಿಗೆ ಹೋಗಿ ಸರಿಪಡಿಸುವುದು, ದಿನವೂ ಮೌನವಾಗಿ ದೇವರನ್ನು ಧ್ಯಾನಿಸುವುದು, ಇವು ಆ ಸಂಗದ ನಿಯಮಗಳು. ಆನ್ ಅವರ ಒತ್ತಾಯದಿಂದ ವೈದ್ಯರೂ ಹೋದರು, ಗ್ರಂಥಗಳನ್ನು ಓದಿದರು, ಕೊನೆಗೆ ತಮ್ಮ ಗುಟ್ಟನ್ನೂ ಹೇಳಿಕೊಂಡರು. ಎರಡೂವರೆ ವರ್ಷಗಳಾದರೂ ಕುಡಿತವು ನಿಲ್ಲಲಿಲ್ಲ.

ಆಗ ಒದಗಿದ ಭೇಟಿಯು ಆಕಸ್ಮಿಕವೆಂದು ಕೆಲವರು, ಶಿವಸಂಕಲ್ಪವೆಂದು ನಮ್ಮಂಥವರು ಹೇಳಬಹುದು. ನ್ಯೂಯಾರ್ಕಿನ ಷೇರುವ್ಯಾಪಾರಿ ಬಿಲ್ ವಿಲ್ಸನ್ ಎಂಬವರು 1934ರ ಡಿಸೆಂಬರಿನಲ್ಲಿ ಕುಡಿತವನ್ನು ಬಿಟ್ಟಿದ್ದರು. 1935ರ ಮೇ ತಿಂಗಳಿನಲ್ಲಿ ಒಂದು ವ್ಯವಹಾರಕ್ಕಾಗಿ ಆ್ಯಕ್ರನ್ನಿಗೆ ಬಂದರು, ವ್ಯವಹಾರವು ಮುರಿದುಬಿತ್ತು. ಪರಸ್ಥಳ, ಕೈಯಲ್ಲಿ ಹಣವಿಲ್ಲ, ಹೋಟೆಲಿನ ಪಾನಗೃಹದಿಂದ ನಗೆಯ ಸದ್ದು ಕೇಳಿಬರುತ್ತಿದೆ. ಈಗ ಮತ್ತೊಬ್ಬ ಕುಡುಕನೊಡನೆ ಮಾತನಾಡಿದರೆ ಮಾತ್ರ ತಾನು ಉಳಿಯಬಲ್ಲೆನೆಂದು ಅವರಿಗೆ ತೋರಿತು. ಪಾದ್ರಿಯೊಬ್ಬರಿಗೆ ದೂರವಾಣಿಯಿಂದ ಕರೆ ಮಾಡಿ, ಅವರ ಮೂಲಕ ಹುಡುಕುತ್ತ ಹೋಗಿ, ಹೆನ್ರಿಯೆಟಾ ಸೈಬರ್ಲಿಂಗ್ ಎಂಬ ಮಹಿಳೆಯನ್ನು ಸಂಪರ್ಕಿಸಿದರು. ಆಕೆ ಸ್ಮಿತ್ ದಂಪತಿಗಳ ಸತ್ಸಂಗದವರು. ಮೇ 12ರ ಭಾನುವಾರ ಸಂಜೆ ಐದು ಗಂಟೆಗೆ ಆಕೆಯ ಮನೆಯಲ್ಲಿ ಇಬ್ಬರ ಭೇಟಿಯಾಯಿತು. ಹಿಂದಿನ ದಿನದ ಕುಡಿತದಿಂದ ಇನ್ನೂ ಬಳಲುತ್ತಿದ್ದ ಸ್ಮಿತ್ತರು ಹದಿನೈದು ನಿಮಿಷಕ್ಕಿಂತ ಹೆಚ್ಚು ಕುಳ್ಳಿರುವುದಿಲ್ಲವೆಂದು ಮೊದಲೇ ಕರಾರು ಮಾಡಿ ಬಂದಿದ್ದರು. ಎದ್ದಾಗ ರಾತ್ರಿ ಹನ್ನೊಂದು ದಾಟಿತ್ತು. ಅದುವರೆಗೆ ಎಲ್ಲರೂ ಅವರಿಗೆ ಬುದ್ಧಿ ಹೇಳಿದ್ದರು. ಈತನು ತನ್ನ ಕಥೆಯನ್ನು ಹೇಳಿದನು. ತನ್ನನ್ನು ಉಳಿಸಿಕೊಳ್ಳುವುದಕ್ಕಾಗಿ ಬಂದವನು ಈತನೆಂಬುದು ಸ್ಮಿತ್ತರಿಗೆ ಅರ್ಥವಾಯಿತು.

ಆನ್ ಅವರು ಬಿಲ್ ವಿಲ್ಸನ್ನರನ್ನು ಆ ಬೇಸಿಗೆಯಲ್ಲಿ ತಮ್ಮ ಮನೆಯಲ್ಲಿಯೇ ಇರಲು ಕರೆದರು. ಇಷ್ಟಾದರೂ ಒಂದು ಸಲ ಕಾಲು ಜಾರಿತು. ವೈದ್ಯರ ಮಹಾಸಮ್ಮೇಳನಕ್ಕೆಂದು ಅಟ್ಲಾಂಟಿಕ್ ಸಿಟಿಗೆ ಹೋದ ಸ್ಮಿತ್ತರು ದಾರಿಯಲ್ಲಿಯೇ ಕುಡಿಯಲಾರಂಭಿಸಿ, ಮೈಮೇಲೆ ಎಚ್ಚರವಿಲ್ಲದ ಸ್ಥಿತಿಯಲ್ಲಿ ಹಿಂದಿರುಗಿದರು. ಮೂರು ದಿನಗಳಲ್ಲಿ ಒಂದು ಶಸ್ತ್ರಕ್ರಿಯೆ ಗೊತ್ತಾಗಿತ್ತು. ಬಿಲ್ ಮತ್ತು ಆನ್ ಹಗಲಿರುಳು ಅವರ ಬಳಿಯಲ್ಲಿದ್ದರು. ಆ ದಿನ ಬೆಳಿಗ್ಗೆ ಕೈನಡುಕ ನಿಲ್ಲಲೆಂದು ಬಿಲ್ಲರು ಕೊಟ್ಟ ಒಂದು ಬಾಟಲಿ ಬೀರ್ ಅವರ ಕಡೆಯ ಕುಡಿತವಾಯಿತು. 1935ರ ಜೂನ್ 10 ಎಂದು ಆ ದಿನವನ್ನು ಎಣಿಸುತ್ತಾರೆ. ಶಸ್ತ್ರಕ್ರಿಯೆ ಮುಗಿದ ಮೇಲೆ ವೈದ್ಯರು ಬಹಳ ಹೊತ್ತು ಮನೆಗೆ ಬಾರಲಿಲ್ಲ. ಕಾದವರಿಗೆ ಎದೆಗುದಿ. ಸ್ಮಿತ್ತರಾದರೋ ತಮ್ಮಿಂದ ನೊಂದವರನ್ನೂ ಸಾಲ ಕೊಟ್ಟವರನ್ನೂ ಹುಡುಕಿಕೊಂಡು ಮನೆಮನೆಗೆ ಹೋಗಿ, ತಮ್ಮ ತಪ್ಪನ್ನು ಒಪ್ಪಿಕೊಂಡು ಬರುತ್ತಿದ್ದರು.

ಇದಾದ ಕೆಲವೇ ದಿನಗಳಲ್ಲಿ ಇವರಿಬ್ಬರು ಆ್ಯಕ್ರನ್ನಿನ ಆಸ್ಪತ್ರೆಗೆ ಹೋಗಿ, ಮಂಚಕ್ಕೆ ಕಟ್ಟಿಹಾಕಲ್ಪಟ್ಟಿದ್ದ ಒಬ್ಬ ವಕೀಲರ ಬಳಿ ಕುಳಿತರು. ಆತನು ಬಂದ ಹೊಸದರಲ್ಲಿ ದಾದಿಯರನ್ನು ಹೊಡೆದಿದ್ದನು. ಜುಲೈ 4ರಂದು ಆತನು ಹೆಂಡತಿಯೊಡನೆ ಮನೆಗೆ ನಡೆದನು. ಸಾಯುವವರೆಗೂ ಮತ್ತೆ ಕುಡಿಯಲಿಲ್ಲ. ಹೀಗೆ ಇಬ್ಬರು ಮೂವರಾದರು. ಆಲ್ಕೋಹಾಲಿಕ್ಸ್ ಅನಾನಿಮಸ್, ಎಂದರೆ ಹೆಸರು ಹೊರಗೆಡಹದ ಪಾನವ್ಯಸನಿಗಳ ಸಂಘವೆಂದು ಲೋಕವು ಕರೆಯುವ ಸಂಘದ ಮೂಲವಿದು. ಅದರ ಸಭೆಗಳು ಇಂದು ಬೆಂಗಳೂರಿನಲ್ಲಿಯೂ ನಡೆಯುತ್ತವೆ.

ಈಗ ಮನೆಯ ವಿಷಯಕ್ಕೆ ಬರೋಣ. ಈ ಚರಿತ್ರೆಯ ಸಾರವು ಅಲ್ಲಿಯೇ ಇದೆ. ಕುಡಿತವನ್ನು ಬಿಡುವೆನೆಂದು ಒಪ್ಪಿದವನನ್ನು ಆಸ್ಪತ್ರೆಯಿಂದ ಹೊರಗೆ ಕಳುಹಿಸುವುದೆಲ್ಲಿಗೆ? ಅನೇಕರಿಗೆ ಮನೆಯಿಲ್ಲ, ಇದ್ದವರಿಗೆ ಮನೆಯ ಬಾಗಿಲು ಮುಚ್ಚಿದೆ, ಹಳೆಯ ಗೆಳೆಯರಾದರೋ ಪಾನಗೃಹದಲ್ಲಿ ಕಾಯುತ್ತಿದ್ದಾರೆ. ಸ್ಮಿತ್ ದಂಪತಿಗಳು ಅಂಥವರನ್ನು ತಮ್ಮ ಮನೆಗೇ ಕರೆತಂದರು. ಕೆಲವರು ಕೆಲವು ದಿನ, ಕೆಲವರು ತಿಂಗಳುಗಟ್ಟಲೆ ಇದ್ದರು. ಮಕ್ಕಳು ತಮ್ಮ ಹಾಸಿಗೆಯನ್ನು ಬಂದವರಿಗೆ ಬಿಟ್ಟುಕೊಟ್ಟರು. ಹುಳಿಸಿದ ಎಲೆಕೋಸು, ಟೊಮೇಟೊ, ಗೋವಿನಜೋಳದ ಸಿಹಿಪಾಕ, ಇವು ಸೊರಗಿದ ದೇಹಕ್ಕೆ ವೈದ್ಯರು ಗೊತ್ತುಮಾಡಿದ ಪಥ್ಯ. ರುಚಿಯ ಮಾತನ್ನು ಯಾರೂ ಕೇಳುವಂತಿರಲಿಲ್ಲ. ಬೆಳಿಗ್ಗೆ ಎಲ್ಲರನ್ನೂ ಕೂರಿಸಿಕೊಂಡು ಆನ್ ಅವರು ಧರ್ಮಗ್ರಂಥವನ್ನು ಓದುತ್ತಿದ್ದರು, ಸ್ವಲ್ಪ ಹೊತ್ತು ಎಲ್ಲರೂ ಮೌನವಾಗಿರುತ್ತಿದ್ದರು, ಅನಂತರ ಕಾಫಿ. ದೂರದಿಂದ ಬಂದ ಹೆಂಡತಿಯರ ಅಳಲನ್ನು ಕೇಳುವುದೂ ಆಕೆಯ ಪಾಲಿಗೆ ಬಂದಿತು. ಇದು ನಿರಪಾಯದ ಸೇವೆಯಾಗಿರಲಿಲ್ಲ. ಆಶ್ರಯ ಪಡೆದ ಒಬ್ಬನು ಅಡುಗೆಯ ಚೂರಿಯನ್ನು ಹಿಡಿದು ಆಕೆಯನ್ನೇ ಬೆದರಿಸಿದುದುಂಟು. ಆತನು ಆಗ ಸುಧಾರಿಸಲಿಲ್ಲ. ಬಹುಕಾಲದ ಮೇಲೆ ಕುಡಿತವನ್ನು ಬಿಟ್ಟನು. ಈ ಸಂಘದ ಕಥೆಯನ್ನು ಹೇಳುವವರು ಇಬ್ಬರು ಗಂಡಸರ ಹೆಸರನ್ನು ಮುಂದಿಡುತ್ತಾರೆ. ಆನ್ ಅವರು ಬಾಗಿಲು ತೆರೆಯದಿದ್ದರೆ ಆ ಕಥೆಗೆ ನಿಲ್ಲಲು ನೆಲವೇ ಇರುತ್ತಿರಲಿಲ್ಲವೆಂಬುದು ನಮ್ಮ ಅಭಿಪ್ರಾಯ. ಸತಿಪತಿಗಳೊಂದಾಗಿ ಮಾಡುವ ದಾಸೋಹಕ್ಕೆ ನಮ್ಮ ಶರಣರು ಕೊಟ್ಟ ಬೆಲೆಯನ್ನು ಬಲ್ಲವರಿಗೆ ಇದನ್ನು ವಿವರಿಸಬೇಕಾಗಿಲ್ಲ.

ಮನೆಯು ಅಡವಿನಲ್ಲಿತ್ತು, ಕುಡುಕನೆಂಬ ಅಪಖ್ಯಾತಿಯಿಂದ ವೈದ್ಯರ ವೃತ್ತಿಯೂ ಕುಗ್ಗಿತ್ತು. 1937ರ ಕೊನೆಗೆ ಇಬ್ಬರು ಮಿತ್ರರು ಸ್ಮಿತ್ತರ ಮನೆಯಲ್ಲಿ ಕುಳಿತು ಲೆಕ್ಕ ಹಾಕಿದಾಗ, ಕುಡಿತ ಬಿಟ್ಟು ದೃಢವಾಗಿ ನಿಂತವರು ಸುಮಾರು 40 ಮಂದಿ ಕಂಡುಬಂದರು. ದೊಡ್ಡ ಆಸ್ಪತ್ರೆಗಳನ್ನು ಕಟ್ಟಬೇಕು, ಸಂಬಳದ ಪ್ರಚಾರಕರನ್ನು ನೇಮಿಸಬೇಕು ಎಂಬ ಯೋಜನೆಗಳು ಹುಟ್ಟಿದುವು. ಕೋಟ್ಯಧೀಶರಾದ ಜಾನ್ ಡಿ. ರಾಕ್‌ಫೆಲರರ ನೆರವನ್ನು ಬೇಡಲಾಯಿತು. ಹಣವು ಈ ಕಾರ್ಯವನ್ನು ಕೆಡಿಸೀತೆಂದು ಶಂಕಿಸಿದ ಅವರು 1938ರಲ್ಲಿ ಐದು ಸಾವಿರ ಡಾಲರುಗಳನ್ನು ಮಾತ್ರ ಕೊಟ್ಟರು. ಅದರಲ್ಲಿ ಹೆಚ್ಚಿನ ಭಾಗವು ಸ್ಮಿತ್ತರ ಮನೆಯ ಅಡವನ್ನು ಬಿಡಿಸಲು ವಿನಿಯೋಗವಾಯಿತು. ಆಗ ಅನೇಕರಿಗೆ ನಿರಾಶೆಯಾಯಿತು. ಇಂದು ನೋಡಿದರೆ ಅದೇ ಒಳ್ಳೆಯದಾಯಿತು. ತನ್ನ ಸದಸ್ಯರು ಕೊಡುವ ಕಾಣಿಕೆಯಿಂದಲೇ ನಡೆಯಬೇಕೆಂಬ ನಿಯಮವನ್ನು ಸಂಘವು ಮುಂದೆ ತಾನೇ ಹಾಕಿಕೊಂಡಿತು. ದೇವರನ್ನು ಯಾವ ರೂಪದಲ್ಲಿ ನಂಬಬೇಕೆಂಬ ಕಟ್ಟುಪಾಡನ್ನು ಮಾತ್ರ ಯಾರಿಗೂ ಹಾಕಲಿಲ್ಲ.

ಮನೆಯೊಂದೇ ಸಾಲದೆಂಬುದೂ ಸ್ಮಿತ್ತರಿಗೆ ತಿಳಿದಿತ್ತು. ಬಹುಕಾಲ ವಿಪರೀತವಾಗಿ ಕುಡಿದವನು ಒಮ್ಮೆಲೇ ನಿಲ್ಲಿಸಿದರೆ ಸೆಳವು, ಚಿತ್ತಭ್ರಮೆಗಳುಂಟಾಗಿ ಪ್ರಾಣಕ್ಕೂ ಅಪಾಯವಾಗಬಹುದು. ಮೊದಲ ದಿನಗಳು ವೈದ್ಯರ ಕಣ್ಣಿನ ಕೆಳಗೇ ಕಳೆಯಬೇಕು. ಪ್ರಮಾಣ ಮಾಡಿಸಿ ಕೋಣೆಯಲ್ಲಿ ಕೂಡಿಹಾಕುವ ಬಂಧುಗಳು ಇದನ್ನು ಗಮನಿಸಬೇಕು. (ಬೆಂಗಳೂರಿನ ನಿಮ್ಹಾನ್ಸ್ ಆಸ್ಪತ್ರೆಯಲ್ಲಿ ಇದಕ್ಕಾಗಿ ಪ್ರತ್ಯೇಕ ವಿಭಾಗವಿದೆ.) ಆ ಕಾಲದ ಆಸ್ಪತ್ರೆಗಳು ಕುಡುಕರನ್ನು ಸೇರಿಸಿಕೊಳ್ಳುತ್ತಿರಲಿಲ್ಲ. ಆ್ಯಕ್ರನ್ನಿನ ಸೇಂಟ್ ಥಾಮಸ್ ಆಸ್ಪತ್ರೆಯಲ್ಲಿ ರೋಗಿಗಳನ್ನು ದಾಖಲು ಮಾಡಿಕೊಳ್ಳುತ್ತಿದ್ದ ಸಿಸ್ಟರ್ ಇಗ್ನೇಷಿಯಾ ಎಂಬ ಐರಿಷ್ ಸನ್ಯಾಸಿನಿಯು 1939ರ ಆಗಸ್ಟಿನಲ್ಲಿ ಸ್ಮಿತ್ತರ ಮಾತಿಗೆ ಒಪ್ಪಿ, ಒಬ್ಬ ಪಾನವ್ಯಸನಿಯನ್ನು ಜಠರದ ಉರಿಯೂತವೆಂದು ಬರೆದುಕೊಂಡು ಒಳಗೆ ಸೇರಿಸಿದಳು. ಹೂಗಳನ್ನು ಸಿದ್ಧಪಡಿಸುವ ಕೋಣೆಯಲ್ಲಿ ಅವನ ಮಂಚವನ್ನು ಹಾಕಿಸಿದಳು. ಮುಂದೆ ಅದಕ್ಕಾಗಿಯೇ ಒಂದು ವಾರ್ಡ್ ಏರ್ಪಟ್ಟಿತು. ಕುಡಿತ ಬಿಟ್ಟವರು ಸರದಿಯಂತೆ ಬಂದು ಹೊಸಬರೊಡನೆ ಕುಳಿತು ಮಾತನಾಡುತ್ತಿದ್ದರು. 1950ರ ವರೆಗೆ ಸ್ಮಿತ್ತರು ಈಕೆಯ ನೆರವಿನಿಂದ ಸುಮಾರು 5000 ಮಂದಿಗೆ ಚಿಕಿತ್ಸೆ ಮಾಡಿದರೆಂದು ಲೆಕ್ಕವಿದೆ. ಅವರಲ್ಲಿ ಒಬ್ಬರಿಂದಲೂ ಶುಲ್ಕ ಪಡೆಯಲಿಲ್ಲ. ಜೀವನಕ್ಕೆ ಶಸ್ತ್ರವೈದ್ಯದ ಕಾಯಕವಿತ್ತು, ಇದು ದಾಸೋಹ.

ಇಳಕಲ್ಲಿನ ಚಿತ್ತರಗಿ ಮಠದ ಮಹಾಂತ ಸ್ವಾಮಿಗಳು 1975ರಲ್ಲಿ ಮಹಾಂತ ಜೋಳಿಗೆಯನ್ನು ಹಿಡಿದು ಊರೂರು ತಿರುಗಿ, ದವಸಧಾನ್ಯಕ್ಕೆ ಬದಲಾಗಿ ಜನರ ದುಶ್ಚಟಗಳನ್ನು ಭಿಕ್ಷೆ ಬೇಡಿದುದನ್ನು ವಾಚಕರು ಬಲ್ಲರು. ಅದೇ ವರ್ಷ ಅಮೆರಿಕೆಯ ಮೇರಿಲೆಂಡ್ ಪ್ರಾಂತದಲ್ಲಿ, ಕುಡಿತ ಬಿಟ್ಟವರು ತಾವೇ ಬಾಡಿಗೆ ಹಂಚಿಕೊಂಡು ಒಟ್ಟಿಗೆ ವಾಸಿಸುವ ಆಕ್ಸ್‌ಫರ್ಡ್ ಹೌಸ್ ಎಂಬ ಮನೆಯು ಆರಂಭವಾಯಿತು. ಮತ್ತೆ ಕುಡಿದವನು ಅಲ್ಲಿಂದ ಹೊರಡಬೇಕು. ಕುಡಿಯದವನು ಎಷ್ಟು ಕಾಲವಾದರೂ ಇರಬಹುದು. ಜೋಳಿಗೆಗೆ ಚಟವನ್ನು ಹಾಕಿದವನು ಮರುದಿನ ಸಂಜೆ ಯಾರ ಜಗಲಿಯ ಮೇಲೆ ಕುಳಿತುಕೊಳ್ಳಬೇಕೆಂಬ ಪ್ರಶ್ನೆಯನ್ನು ಊರಿನ ಗೃಹಸ್ಥರೇ ಬಿಡಿಸಬೇಕಷ್ಟೆ.

ಆನ್ ಅವರು 1949ರ ಜೂನ್ 1ರಂದು ಕಾಲವಾದರು. ಅರ್ಬುದ ರೋಗದಿಂದ ಬಳಲುತ್ತಿದ್ದ ವೈದ್ಯರು 1950ರ ಜುಲೈ ತಿಂಗಳಿನಲ್ಲಿ ಕ್ಲೀವ್‌ಲೆಂಡ್ ನಗರದಲ್ಲಿ ನೆರೆದ ಸಂಘದ ಮಹಾಸಭೆಯಲ್ಲಿ ಕೆಲವೇ ನಿಮಿಷ ಮಾತನಾಡಿ, ಅದೇ ವರ್ಷ ನವೆಂಬರ್ 16ರಂದು ದೇಹವನ್ನು ಬಿಟ್ಟರು. ಕುಡಿತವನ್ನು ಬಿಟ್ಟು ಆಗ 15 ವರ್ಷ ಕಳೆದಿದ್ದುವು. ಅವರಿಗೊಂದು ದೊಡ್ಡ ಸ್ಮಾರಕವನ್ನು ಕಟ್ಟಿಸಬೇಕೆಂದು ಅಭಿಮಾನಿಗಳು ಹೊರಟಾಗ, ಇತರರಂತೆಯೇ ತಮ್ಮನ್ನು ಮಣ್ಣುಮಾಡಿದರೆ ಸಾಕೆಂದು ಅವರು ತಡೆದಿದ್ದರು. ಆ್ಯಕ್ರನ್ನಿನ ಮೌಂಟ್ ಪೀಸ್ ಸ್ಮಶಾನದಲ್ಲಿ ದಂಪತಿಗಳ ಸಮಾಧಿಯ ಮೇಲೆ ಸಾಮಾನ್ಯವಾದ ಒಂದು ಕಲ್ಲಿದೆ. ಅದರಲ್ಲಿ ಸಂಘದ ಹೆಸರಿಲ್ಲ. ಆರ್ಡ್‌ಮೋರ್ ಬೀದಿಯ ಮನೆಯನ್ನು 2012ರಲ್ಲಿ ಅಲ್ಲಿಯ ಸರಕಾರವು ರಾಷ್ಟ್ರೀಯ ಐತಿಹಾಸಿಕ ಸ್ಥಳವೆಂದು ಘೋಷಿಸಿತು. ಕುಡಿತ ಬಿಟ್ಟವರು ದೂರದೂರದಿಂದ ಆ ಮನೆಯನ್ನು ನೋಡಲು ಬರುತ್ತಾರೆ.