ಚಾಕು, ಚುಟ್ಟಾ ಮತ್ತು ಸೀಸದ ಕಡ್ಡಿ

ಮಹಾಪುರುಷರ ಜೀವಿತವನ್ನು ಅವರು ಗೆದ್ದ ಯುದ್ಧಗಳಿಂದಲೂ ಏರಿದ ಪೀಠಗಳಿಂದಲೂ ಅಳೆಯುವುದು ವಾಡಿಕೆ. ಆದರೆ ಮನುಷ್ಯನ ಅಂತರಂಗವು ಒಮ್ಮೊಮ್ಮೆ ಅವನ ಜೇಬಿನೊಳಗಣ ಅಲ್ಪ ವಸ್ತುಗಳಲ್ಲಿ ಅಡಗಿರುತ್ತದೆ. ಅಮೆರಿಕದ ಅಂತರ್ಯುದ್ಧದ ಮಹಾಸೇನಾನಿಯೂ ಆ ದೇಶದ ೧೮ನೆಯ ಅಧ್ಯಕ್ಷನೂ ಆದ ಯುಲಿಸಿಸ್ ಗ್ರಾಂಟನ ಜೇಬಿನಲ್ಲಿ ಅಂಥ ಎರಡು ವಸ್ತುಗಳಿದ್ದವು: ಒಂದು ಸಣ್ಣ ಚಾಕು, ಒಂದು ಹಿಡಿ ಚುಟ್ಟಾ.

ಚುಟ್ಟಾ ಸೇದದವರಿಗೆ ಈ ಎರಡರ ನಂಟು ಹೊಳೆಯಲಾರದು. ಚುಟ್ಟಾದ ಒಂದು ತುದಿ ತೆರೆದಿರುತ್ತದೆ. ಬಾಯಿಗಿಡುವ ತುದಿಯನ್ನು ಎಲೆಯ ಚೂರೊಂದರಿಂದ ಮುಚ್ಚಿ ಅಂಟಿಸಿರುತ್ತಾರೆ. ಆ ಟೋಪಿಯನ್ನು ತೆಗೆಯದೆ ಹೊಗೆ ಬಾರದು. ಅವಸರದವರು ಹಲ್ಲಿನಿಂದ ಕಚ್ಚಿ ಉಗುಳುತ್ತಾರೆ. ಸಮಾಧಾನಿಗಳು ಜೇಬಿನ ಚಾಕು ಬಿಚ್ಚಿ ತುದಿಯನ್ನಷ್ಟೇ ಕೊಯ್ಯುತ್ತಾರೆ. ಅಲಗು ಮೊಂಡಾದರೆ ಎಲೆ ಹರಿಯುತ್ತದೆ. ತುಸು ಕೆಳಗಿಳಿದರೆ ಸುತ್ತಿದ ಎಲೆಯೇ ಬಿಚ್ಚಿಕೊಳ್ಳುತ್ತದೆ. ಅದು ನಡುಗದ ಕೈಯ ಕೆಲಸ. ಗ್ರಾಂಟನ ಚಾಕು ಚರಿತ್ರೆಗೆ ಸಂದದ್ದು ಮಾತ್ರ ಬೇರೊಂದು ಕೆಲಸದಿಂದ.

ಆತನು ಹುಟ್ಟಿದ್ದು ೧೮೨೨ರ ಏಪ್ರಿಲ್ ೨೭ರಂದು, ಒಹಾಯೊ ರಾಜ್ಯದ ಒಂದು ಹಳ್ಳಿಯಲ್ಲಿ. ತಂದೆಯದು ಚರ್ಮ ಹದಮಾಡುವ ಕಸಬು. ಹುಡುಗನಿಗೆ ಆ ಕಸಬೆಂದರೆ ಹೇಸಿಗೆ, ಕುದುರೆಗಳೆಂದರೆ ಪ್ರಾಣ. ವೆಸ್ಟ್ ಪಾಯಿಂಟ್ ಸೈನಿಕ ವಿದ್ಯಾಲಯದಲ್ಲಿ ೧೮೪೩ರಲ್ಲಿ ೩೯ ಮಂದಿಯ ಪೈಕಿ ೨೧ನೆಯವನಾಗಿ ತೇರ್ಗಡೆಯಾದನು. ಮೆಕ್ಸಿಕೊ ಯುದ್ಧದಲ್ಲಿ ಹೋರಾಡಿ, ೧೮೫೪ರಲ್ಲಿ ಸೈನ್ಯವನ್ನು ತೊರೆದನು. ಅಲ್ಲಿಂದ ಏಳು ವರ್ಷ ಸೋಲಿನ ಮೇಲೆ ಸೋಲು. ಬೇಸಾಯ ಕೈಗೂಡಲಿಲ್ಲ. ಸೇಂಟ್ ಲೂಯಿಸ್ ನಗರದ ಬೀದಿಗಳಲ್ಲಿ ಸೌದೆ ಮಾರಿದನು. ೧೮೫೭ರ ಕ್ರಿಸ್‌ಮಸ್ ಹೊತ್ತಿಗೆ ತನ್ನ ಚಿನ್ನದ ಗಡಿಯಾರವನ್ನು ೨೨ ಡಾಲರಿಗೆ ಒತ್ತೆಯಿಟ್ಟನು. ೧೮೬೧ರಲ್ಲಿ ಅಂತರ್ಯುದ್ಧ ಮೊದಲಾದಾಗ ಆತನು ತಂದೆಯ ಚರ್ಮದಂಗಡಿಯಲ್ಲಿ ಗುಮಾಸ್ತೆ.

ಭಾಗ್ಯ ತಿರುಗಿದ್ದು ೧೮೬೨ರ ಫೆಬ್ರವರಿಯಲ್ಲಿ, ಡೊನೆಲ್ಸನ್ ಕೋಟೆಯ ಮುತ್ತಿಗೆಯಲ್ಲಿ. ಗಾಯಗೊಂಡು ಹಡಗಿನಲ್ಲಿದ್ದ ನೌಕಾನಾಯಕ ಫೂಟನನ್ನು ಕಾಣಲು ಹೋದ ಗ್ರಾಂಟನಿಗೆ ಆತನು ಒಂದು ಚುಟ್ಟಾ ಕೊಟ್ಟನು. ಹಿಂತಿರುಗುವಾಗಲೇ ಶತ್ರುಗಳ ದಾಳಿಯ ಸುದ್ದಿ ಬಂದಿತು. ಆ ಚುಟ್ಟಾದ ತುಂಡನ್ನು ಹಿಡಿದುಕೊಂಡೇ ಗ್ರಾಂಟನು ಕುದುರೆಯೋಡಿಸುತ್ತ ಆಜ್ಞೆಗಳನ್ನಿತ್ತನು. ಮರುದಿನ ಕೋಟೆ ಶರಣಾಯಿತು. ಚುಟ್ಟಾ ಹಿಡಿದ ವೀರನ ಚಿತ್ರವನ್ನು ಪತ್ರಿಕೆಗಳು ದೇಶದ ತುಂಬ ಹರಡಿದವು. ಅಲ್ಲಿಯವರೆಗೆ ಆತನು ಅಪರೂಪಕ್ಕೆ ಸೇದುತ್ತಿದ್ದವನು. ಈಗ ಅಭಿಮಾನಿಗಳಿಂದ ಪೆಟ್ಟಿಗೆಗಳ ಮೇಲೆ ಪೆಟ್ಟಿಗೆ ಬಂದವು. ಒಟ್ಟು ೧೦,೦೦೦ ಚುಟ್ಟಾಗಳಷ್ಟು. ಎಷ್ಟು ಹಂಚಿದರೂ ಮುಗಿಯಲಿಲ್ಲ. ಉಳಿದದ್ದು ಅಭ್ಯಾಸವಾಯಿತು, ಅಭ್ಯಾಸವು ಸ್ವಭಾವವಾಯಿತು.

೧೮೬೪ರ ಮೇ ತಿಂಗಳು. ಉತ್ತರದ ಸಮಸ್ತ ಸೇನೆಗಳ ಅಧಿಪತಿಯಾಗಿ ಗ್ರಾಂಟನು ವರ್ಜೀನಿಯದ ವಿಲ್ಡರ್ನೆಸ್ ಎಂಬ ದಟ್ಟ ಕುರುಚಲು ಕಾಡಿನಲ್ಲಿ ಲೀಯ ಸೇನೆಯನ್ನು ಎದುರಿಸಿದನು. ಗಿಡಗಂಟಿಗಳಿಗೆ ಬೆಂಕಿ ಹತ್ತಿ, ಗಾಯಾಳುಗಳು ಬಿದ್ದಲ್ಲಿಯೇ ಬೆಂದರು. ಮರದ ಬುಡದಲ್ಲಿ ಕುಳಿತ ಸೇನಾಪತಿಯು ವರದಿಗಳನ್ನು ಕೇಳುತ್ತ, ಚಾಕು ತೆಗೆದು ಕಡ್ಡಿಗಳನ್ನು ಕೆತ್ತುತ್ತಿದ್ದನು. ಕೆತ್ತಿ ಮಾಡುವುದೇನೂ ಇರಲಿಲ್ಲ. ಕೈಗೆ ತೊಟ್ಟ ನೂಲಿನ ಗವಸುಗಳ ಬೆರಳುಗಳು ತೂತುಬಿದ್ದವು. ಎರಡನೆಯ ದಿನವೊಂದರಲ್ಲೇ ಸುಮಾರು ೨೦ ಚುಟ್ಟಾಗಳು ಬೂದಿಯಾದವು. ಮಡಿದವರು, ಗಾಯಗೊಂಡವರು, ಕಾಣೆಯಾದವರು ಸೇರಿ ಆತನ ಕಡೆಯಲ್ಲಿ ಉಂಟಾದ ನಷ್ಟ ೧೭,೦೦೦ಕ್ಕೂ ಮೀರಿತ್ತು.

ನೋಡಿದವರೆಲ್ಲ ಆತನ ಶಾಂತಿಗೆ ಬೆರಗಾದರು. ಆದರೆ ಆ ಶಾಂತಿಯ ಬೆಲೆಯನ್ನು ತೆತ್ತದ್ದು ಚಾಕು ಮತ್ತು ಚುಟ್ಟಾ. ಮುಖ ಹೇಳದ್ದನ್ನು ಕೈ ಹೇಳುತ್ತಿತ್ತು. ರಾತ್ರಿ ಗುಡಾರದೊಳಗೆ, ಮಾಡಬೇಕಾದುದನ್ನೆಲ್ಲ ಮಾಡಿ ಮುಗಿಸಿದ ಮೇಲೆ, ಆತನು ಮಂಚದ ಮೇಲೆ ಬಿದ್ದು ತಳಮಳಿಸಿದನೆಂದು ಹತ್ತಿರದವರು ಹೇಳಿದ್ದಾರೆ. ಮರುದಿನ ರಾತ್ರಿ ಸೇನೆ ಹಿಂದಕ್ಕೆ ತಿರುಗಲಿಲ್ಲ, ದಕ್ಷಿಣಕ್ಕೇ ನಡೆಯಿತು. ದಣಿದ ಸೈನಿಕರು ಜಯಘೋಷ ಮಾಡಿದರು. ೧೮೬೫ರ ಏಪ್ರಿಲ್ ೯ರಂದು ಲೀ ಶರಣಾದಾಗ, ಸೋತವರು ತಮ್ಮ ಕುದುರೆಗಳನ್ನು ಉಳುಮೆಗಾಗಿ ಮನೆಗೆ ಕೊಂಡೊಯ್ಯಲು ಗ್ರಾಂಟನು ಒಪ್ಪಿದನು.

೧೮೬೯ರಿಂದ ೧೮೭೭ರವರೆಗಿನ ಅಧ್ಯಕ್ಷತೆಯನ್ನು ಇಲ್ಲಿ ವಿಸ್ತರಿಸಬೇಕಾಗಿಲ್ಲ. ಬಿಡುಗಡೆ ಹೊಂದಿದ ಗುಲಾಮರ ಹಕ್ಕನ್ನು ಕಾಯಲು ಆತನು ದುಡಿದದ್ದೂ ನಿಜ, ನಂಬಿದವರ ಭ್ರಷ್ಟತೆಯಿಂದ ಹೆಸರು ಕೆಟ್ಟದ್ದೂ ನಿಜ. ಆ ನಂಬಿಕೆಯೇ ಮುಂದೆಯೂ ಮುಳುವಾಯಿತು. ೧೮೮೪ರ ಮೇ ತಿಂಗಳಲ್ಲಿ ಪಾಲುದಾರ ವಾರ್ಡ್ ಎಂಬವನ ವಂಚನೆಯಿಂದ ವ್ಯಾಪಾರಸಂಸ್ಥೆ ಮುರಿದುಬಿದ್ದು, ಮಾಜಿ ಅಧ್ಯಕ್ಷನು ಬರಿಗೈಯವನಾದನು. ಆ ಬೇಸಗೆಯಲ್ಲಿ ಪೀಚ್ ಹಣ್ಣನ್ನು ಕಚ್ಚಿದಾಗ ಗಂಟಲು ಚುಳ್ಳೆಂದಿತು. ವೈದ್ಯರು ಪರೀಕ್ಷಿಸಿ ಅರ್ಬುದವೆಂದು ಗುರುತಿಸಿದ್ದು ಅಕ್ಟೋಬರಿನಲ್ಲಿ. ಅವರ ಶಂಕೆ ಚುಟ್ಟಾದ ಮೇಲೆಯೇ ಬಿದ್ದಿತು. ಇಂಥ ರೋಗಕ್ಕೆ ಹೊಗೆಸೊಪ್ಪು ಮುಖ್ಯ ಕಾರಣವೆಂಬುದು ಇಂದು ನಿರ್ವಿವಾದ. ಪ್ರೀತಿಯಿಂದ ಬಂದ ಕಾಣಿಕೆಯೇ ಕಾಲಪಾಶವಾಗಿತ್ತು.

ಗ್ರಾಂಟನು ಚುಟ್ಟಾ ಬಿಟ್ಟನು, ಲೇಖನಿ ಹಿಡಿದನು. ಹೆಂಡತಿ ಜೂಲಿಯಳನ್ನು ನಿರ್ಗತಿಕಳಾಗಿ ಬಿಟ್ಟುಹೋಗಬಾರದೆಂಬುದೊಂದೇ ಹಟ. ಆತ್ಮಕಥೆಯ ಪ್ರಕಟಣೆಯ ಹೊಣೆ ಹೊತ್ತವನು ಮಾರ್ಕ್ ಟ್ವೇನ್. ಆತನೂ ಚುಟ್ಟಾದ ಮಹಾಭಕ್ತನೇ ಎಂಬುದು ವಿಧಿಯ ವಿನೋದ. ಮೊದಮೊದಲು ಗ್ರಾಂಟನು ಹೇಳಿ ಬರೆಯಿಸಿದನು. ಸ್ವರ ಉಡುಗಿದ ಮೇಲೆ ಸೀಸದ ಕಡ್ಡಿಯೇ ಆತನ ನಾಲಗೆಯಾಯಿತು. ನೀರು ನುಂಗುವುದೂ ಯಾತನೆ. ೧೮೮೫ರ ಜೂನ್‌ನಲ್ಲಿ ಆತನನ್ನು ನ್ಯೂಯಾರ್ಕ್ ರಾಜ್ಯದ ಮೌಂಟ್ ಮೆಕ್‌ಗ್ರೆಗರ್ ಎಂಬ ಬೆಟ್ಟದ ಮನೆಗೆ ಕರೆದೊಯ್ದರು. ಅಲ್ಲಿ, ಹೊದಿಕೆ ಹೊದ್ದು ಕುರ್ಚಿಯಲ್ಲಿ ಕುಳಿತು, ಪುಟದ ಮೇಲೆ ಪುಟ ಬರೆದನು. ವೈದ್ಯನಿಗೆ ಬರೆದುಕೊಟ್ಟ ಚೀಟಿಯೊಂದರಲ್ಲಿ ತಾನು ಸರ್ವನಾಮವಲ್ಲ, ಕ್ರಿಯಾಪದವೆಂದು ವ್ಯಾಕರಣದ ಮಾತಿನಲ್ಲಿ ತನ್ನನ್ನೇ ಬಣ್ಣಿಸಿಕೊಂಡನು. ಇರುವುದು, ಮಾಡುವುದು, ಅನುಭವಿಸುವುದು: ಮೂರೂ ಆತನಲ್ಲಿ ಕೂಡಿದ್ದವು.

ಗ್ರಂಥ ಮುಗಿದ ಕೆಲವೇ ದಿನಗಳಲ್ಲಿ, ಜುಲೈ ೨೩ರಂದು, ಪ್ರಾಣ ಹೋಯಿತು. ಎರಡು ಸಂಪುಟಗಳ ಆ ಕೃತಿಯಿಂದ ಜೂಲಿಯಳಿಗೆ ೪ ಲಕ್ಷ ಡಾಲರಿಗೂ ಹೆಚ್ಚು ಹಣ ಬಂದಿತು. ಅದರ ಗದ್ಯದಲ್ಲಿ ಅಲಂಕಾರವಿಲ್ಲ, ಅಬ್ಬರವಿಲ್ಲ. ಬೇಡದ್ದನ್ನೆಲ್ಲ ಕೆತ್ತಿ ತೆಗೆದ ಹಾಗೆ ವಾಕ್ಯಗಳು ನೇರವಾಗಿ ನಿಂತಿವೆ. ಕಾಡಿನ ಮರದಡಿಯಲ್ಲಿ ಗುರಿಯಿಲ್ಲದೆ ಕಡ್ಡಿ ಕೆತ್ತಿದ ಕೈಗೆ ಕೊನೆಗೂ ಕೆತ್ತುವುದಕ್ಕೆ ತಕ್ಕ ವಸ್ತುವೊಂದು ದೊರಕಿತ್ತು.